ಮರ ಕಡಿಯುವ ಮುನ್ನ: ಪಾಲಬಾವಿ ಭಾಗದ ರೈತರು ಮತ್ತು ಬಸದಿ ಸಮಿತಿಗಳು ತಿಳಿದಿರಬೇಕಾದ ನಿಯಮಗಳು

ರಾಯಬಾಗ ತಾಲ್ಲೂಕಿನ ಪಾಲಬಾವಿ, ಮುಗಳಖೋಡ, ಹಾರೂಗೇರಿ ಭಾಗದ ಜೈನ ಕುಟುಂಬಗಳಲ್ಲಿ ಹೆಚ್ಚಿನವರು ಕೃಷಿಕರು. ಹೊಲದ ಬದುವಿನಲ್ಲಿ ಬೇವು, ಬಾವಿಯ ಪಕ್ಕದಲ್ಲಿ ತೆಂಗು, ಬಸದಿಯ ಅಂಗಳದಲ್ಲಿ ಅರಳಿ ಅಥವಾ ಬಿಲ್ವ ಇರುವುದು ಸಾಮಾನ್ಯ. ಮನೆ ಕಟ್ಟುವಾಗ, ಪೈಪ್‌ಲೈನ್ ಹಾಕುವಾಗ, ಬಸದಿಯ ಜೀರ್ಣೋದ್ಧಾರ ಕೈಗೊಂಡಾಗ ಅಥವಾ ರಸ್ತೆ ಅಗಲವಾಗುವಾಗ ಈ ಮರಗಳಲ್ಲಿ ಒಂದೆರಡನ್ನು ತೆಗೆಯಬೇಕಾದ ಪ್ರಸಂಗ ಬರುತ್ತದೆ. ಆಗ ಹೆಚ್ಚಿನವರು ಹೇಳುವ ಮಾತು ಒಂದೇ: ‘ನಮ್ಮ ಹೊಲ, ನಮ್ಮ ಗಿಡ, ಕೇಳುವುದು ಯಾರನ್ನು?’

ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಭೂಮಿಯ ಒಡೆತನ ಬೇರೆ, ಅದರಲ್ಲಿ ನಿಂತ ಮರವನ್ನು ಕಡಿಯುವ ಹಕ್ಕು ಬೇರೆ. ಮರಕ್ಕೆ ಕೊಡಲಿ ಹಾಕುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಮರ ನಿಂತಿರುವುದು ಯಾರ ಜಾಗದಲ್ಲಿ? ಅದು ಯಾವ ಜಾತಿಯ ಮರ? ಅದನ್ನು ತೆಗೆಯಲು ಕಾರಣವೇನು? ಈ ಮೂರು ಸ್ಪಷ್ಟವಾದರೆ ಅನುಮತಿ ಬೇಕೋ ಬೇಡವೋ, ಬೇಕಾದರೆ ಯಾರಿಂದ ಎಂಬುದು ತಾನಾಗಿ ತಿಳಿಯುತ್ತದೆ.

ಮೂಲ ಕಾಯ್ದೆ

ಕರ್ನಾಟಕದಲ್ಲಿ ಅರಣ್ಯದ ಹೊರಗಿನ ಮರಗಳಿಗೆ ಅನ್ವಯಿಸುವ ಮುಖ್ಯ ಕಾನೂನು ‘ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976’. ಇದರ 8ನೇ ಕಲಮಿನ ಪ್ರಕಾರ, ಯಾವುದೇ ವ್ಯಕ್ತಿ ತನ್ನ ಒಡೆತನದ ಭೂಮಿಯಲ್ಲಾಗಲಿ, ಬೇರೆ ಭೂಮಿಯಲ್ಲಾಗಲಿ ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮರ ಕಡಿಯುವಂತಿಲ್ಲ, ಬೇರೆಯವರಿಂದ ಕಡಿಸುವಂತೆಯೂ ಇಲ್ಲ. ಅರಣ್ಯ ಇಲಾಖೆಯ ಅಧಿಕಾರಿಗಳೇ ಈ ಕಾಯ್ದೆಯಡಿ ವೃಕ್ಷಾಧಿಕಾರಿಗಳಾಗಿ ಕೆಲಸ ಮಾಡುತ್ತಾರೆ. ಹಳ್ಳಿಯ ರೈತರಿಗೆ ಮೊದಲು ಎದುರಾಗುವ ಕಚೇರಿ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಯದು.

ಕಾಯ್ದೆಯ ಎರಡು ವ್ಯಾಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದು ‘ಮರ’ ಎಂಬುದರ ವ್ಯಾಖ್ಯೆ. ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ, ನೆಲದಿಂದ 1 ಮೀಟರಿಗೆ ಕಡಿಮೆಯಿಲ್ಲದ ಎತ್ತರದ ಕಟ್ಟಿಗೆಯುಳ್ಳ ಸಸ್ಯ ಕಾನೂನಿನ ದೃಷ್ಟಿಯಲ್ಲಿ ಮರ. ದೊಡ್ಡ ಮರ ಮಾತ್ರ ಮರವೆಂದು ಭಾವಿಸುವುದು ತಪ್ಪು. ಮೂರು ನಾಲ್ಕು ವರ್ಷದ ಬೇವಿನ ಗಿಡವೂ ಈ ಅಳತೆಯೊಳಗೆ ಬಂದುಬಿಡುತ್ತದೆ.

ಎರಡನೆಯದು ‘ಕಡಿಯುವುದು’ ಎಂಬುದರ ವ್ಯಾಖ್ಯೆ. ಬುಡ ಕಡಿಯುವುದಷ್ಟೇ ಅಲ್ಲ. ಬೇರು ಸಮೇತ ಕೀಳುವುದು, ಯಂತ್ರದಿಂದ ಉರುಳಿಸುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಕೊಂಬೆ ಸವರುವುದು, ತಲೆ ಕಡಿದು ಬೋಳು ಮಾಡುವುದು, ಔಷಧ ಹಾಕಿ ಒಣಗಿಸುವುದು, ಸುಡುವುದು, ಇನ್ನಾವುದೇ ರೀತಿಯಲ್ಲಿ ಹಾನಿ ಮಾಡುವುದು ಎಲ್ಲವೂ ಇದರಲ್ಲಿ ಸೇರಿವೆ. ‘ನಾವು ಕಡಿದಿಲ್ಲ, ಅದೇ ಒಣಗಿತು’ ಎಂದು ಬುಡಕ್ಕೆ ಬೆಂಕಿ ಇಡುವ ಅಥವಾ ಆಮ್ಲ ಸುರಿಯುವ ಉಪಾಯಕ್ಕೆ ಕಾನೂನು ಮೊದಲೇ ಬಾಗಿಲು ಹಾಕಿದೆ.

ಅನುಮತಿ ಬೇಡದ ಮರಗಳು

ರೈತರು ಬೆಳೆಯಾಗಿ ಬೆಳೆಯುವ ಕೆಲವು ಜಾತಿಗಳಿಗೆ ಕಾಯ್ದೆ ವಿನಾಯಿತಿ ನೀಡಿದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ, ರಬ್ಬರ್, ಹಾಲವಾಣ, ಶೇವರಿ ಮೊದಲಾದವು ಈ ಪಟ್ಟಿಯಲ್ಲಿವೆ. ನಂತರದ ತಿದ್ದುಪಡಿಗಳಲ್ಲಿ ಪಟ್ಟಿ ಬೆಳೆದಿದ್ದು, ತೋಟಗಾರಿಕೆ ಮತ್ತು ಕೃಷಿ ಅರಣ್ಯದ ಇನ್ನೂ ಕೆಲವು ಜಾತಿಗಳು ಸೇರಿವೆ. ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ ಕಡಿಯುವ ವರ್ಷದ ಪಟ್ಟಿಯನ್ನು ವಲಯ ಕಚೇರಿಯಲ್ಲಿ ನೋಡಿಕೊಳ್ಳಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಪ್ರತಿಯೊಂದು ಮರಕ್ಕೂ ಅನುಮತಿ ಬೇಕು ಎಂಬುದೇ ಸರಳ ಸೂತ್ರ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಕಡಿಯಲು ವಿನಾಯಿತಿ ಇರುವ ಮರವನ್ನು ಸಾಗಿಸಲೂ ವಿನಾಯಿತಿ ಇದೆ ಎಂದುಕೊಳ್ಳಬಾರದು. ಸಾಗಾಟಕ್ಕೆ ಬೇರೆಯದೇ ನಿಯಮವಿದೆ. ಹಾಗೆಯೇ ರಸ್ತೆ ಬದಿಯ ಅಥವಾ ಗಾವಠಾಣದ ತೆಂಗು, ನೀಲಗಿರಿಯನ್ನು ‘ವಿನಾಯಿತಿ ಇದೆ’ ಎಂದು ಯಾರೂ ಕಡಿಯುವಂತಿಲ್ಲ. ಅದು ಸರ್ಕಾರದ ಅಥವಾ ಗ್ರಾಮ ಪಂಚಾಯಿತಿಯ ಸ್ವತ್ತು. ಪರರ ಸ್ವತ್ತನ್ನು ಕೇಳದೆ ತೆಗೆದುಕೊಂಡರೆ ಅದು ಕಳ್ಳತನವೇ.

ಸ್ವಂತ ಹೊಲದ ಮರ: ಅರ್ಜಿಯ ಕ್ರಮ

ಅರ್ಜಿ ಲಿಖಿತವಾಗಿರಬೇಕು. ಅದರಲ್ಲಿ ಇರಬೇಕಾದವು ಇವು:

• ಜಮೀನಿನ ಒಡೆತನದ ದಾಖಲೆ. ಹೊಲವಾದರೆ ಚಾಲ್ತಿ ವರ್ಷದ ಪಹಣಿ ಅಂದರೆ ಉತಾರ; ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ಜಾಗವಾದರೆ ಇ-ಸ್ವತ್ತು ದಾಖಲೆ.
• ಮರ ನಿಂತಿರುವ ಸ್ಥಳ ತೋರಿಸುವ ನಕ್ಷೆ.
• ಮರಗಳ ಜಾತಿ, ಸಂಖ್ಯೆ, ಸುತ್ತಳತೆ.
• ಕಡಿಯಲು ಕಾರಣ.

ಉತಾರದಲ್ಲಿ ಒಬ್ಬರಿಗಿಂತ ಹೆಚ್ಚು ಹೆಸರಿದ್ದರೆ ಎಲ್ಲರ ಒಪ್ಪಿಗೆ ಪತ್ರ ಲಗತ್ತಿಸುವುದು ಲೇಸು. ಅಣ್ಣತಮ್ಮಂದಿರ ನಡುವೆ ಹೊಲ ಬಾಯಿಮಾತಿನಲ್ಲಿ ಹಂಚಿಕೆಯಾಗಿ, ದಾಖಲೆಯಲ್ಲಿ ಇನ್ನೂ ಜಂಟಿಯಾಗಿಯೇ ಉಳಿದಿರುವ ಕುಟುಂಬಗಳು ಈ ಭಾಗದಲ್ಲಿ ಸಾಕಷ್ಟಿವೆ. ಅಂಥ ಕಡೆ ಒಬ್ಬರು ಮರ ಮಾರಿ ಇನ್ನೊಬ್ಬರು ತಕರಾರು ಎತ್ತಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇಬ್ಬರ ಹೊಲದ ನಡುವಿನ ಬದುವಿನಲ್ಲಿರುವ ಮರದ ಕಥೆಯೂ ಇದೇ. ಗಡಿ ಎಲ್ಲಿದೆ ಎಂಬ ಸಂಶಯವಿದ್ದರೆ ಮೊದಲು ಭೂಮಾಪಕರಿಂದ ಅಳತೆ ಮಾಡಿಸಬೇಕು, ಕೊಡಲಿಯ ಮಾತು ಆಮೇಲೆ.

ಅರ್ಜಿ ಬಂದ ನಂತರ ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದು ಮರಗಳನ್ನು ನೋಡಿ, ಅಳತೆ ಮಾಡಿ ವರದಿ ಕೊಡುತ್ತಾರೆ. ಅದರ ಮೇಲೆ ವೃಕ್ಷಾಧಿಕಾರಿ ಪೂರ್ತಿ ಅನುಮತಿ ಕೊಡಬಹುದು, ಕೇಳಿದ ಹತ್ತರಲ್ಲಿ ನಾಲ್ಕಕ್ಕೆ ಮಾತ್ರ ಕೊಡಬಹುದು ಅಥವಾ ನಿರಾಕರಿಸಬಹುದು. ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ‘ಗಾರ್ಡ್ ಬಂದು ನೋಡಿ ಹೋದರು, ಕಡೀರಿ ಅಂದರು’ ಎಂಬುದು ಅನುಮತಿಯಲ್ಲ. ಸಹಿ ಇರುವ ಆದೇಶ ಕೈಗೆ ಬಂದ ಮೇಲೆಯೇ ಕೆಲಸ ಆರಂಭಿಸಬೇಕು. ಆದೇಶದಲ್ಲಿ ಹೇಳಿದ ಮರಗಳಿಗೆ ಮಾತ್ರ ಅದು ಅನ್ವಯವಾಗುತ್ತದೆ.

ನಿರಾಕರಿಸಲಾಗದ ಕಾರಣಗಳು

ಕಾಯ್ದೆ ರೈತನ ಕೈ ಕಟ್ಟಿಹಾಕುತ್ತದೆ ಎಂಬ ಭಾವನೆ ಇದೆ. ಆದರೆ ಅಧಿಕಾರಿಯ ಕೈಗೂ ಅದೇ ಕಾಯ್ದೆ ಮಿತಿ ಹಾಕಿದೆ. ಕೆಳಗಿನ ಸಂದರ್ಭಗಳಲ್ಲಿ ಅನುಮತಿ ನಿರಾಕರಿಸಬಾರದು ಎಂದು 8ನೇ ಕಲಮು ಹೇಳುತ್ತದೆ:

• ಮರ ಸತ್ತಿದ್ದರೆ, ರೋಗ ಹತ್ತಿದ್ದರೆ ಅಥವಾ ಗಾಳಿಗೆ ಬಿದ್ದಿದ್ದರೆ.
• ಬಲಿತು ಕಟಾವಿಗೆ ಬಂದಿದ್ದರೆ. ಕಡಿದಾದ ಇಳಿಜಾರಿನಲ್ಲಿ ನಿಂತ ಮರಕ್ಕೆ ಇದು ಅನ್ವಯಿಸದು.
• ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತರುವಂತಿದ್ದರೆ.
• ಸಂಚಾರಕ್ಕೆ ಅಡ್ಡಿಯಾಗಿದ್ದರೆ.
• ಬೆಂಕಿ, ಸಿಡಿಲು, ಮಳೆ ಮುಂತಾದ ನೈಸರ್ಗಿಕ ಕಾರಣಗಳಿಂದ ಬಹಳವಾಗಿ ಹಾನಿಗೊಂಡಿದ್ದರೆ.
• ಗ್ರಾಮೀಣ ಪ್ರದೇಶದಲ್ಲಿ ಮನೆಯ ಅಥವಾ ಕೃಷಿಯ ನಿಜವಾದ ಬಳಕೆಗೆ ಕಟ್ಟಿಗೆ, ಸೊಪ್ಪು ಬೇಕಾಗಿದ್ದರೆ.

ಆದ್ದರಿಂದ ಅರ್ಜಿಯಲ್ಲಿ ‘ಸ್ವಂತ ಕಾರಣಕ್ಕಾಗಿ’ ಎಂದು ಬರೆದು ಬಿಡುವುದಕ್ಕಿಂತ ನಿಜವಾದ ಕಾರಣವನ್ನು ಬಿಡಿಸಿ ಬರೆಯುವುದು ಮೇಲು. ದನದ ಕೊಟ್ಟಿಗೆಯ ಮೇಲೆ ವಾಲಿದ ಮರದ ಎರಡು ಫೋಟೊ, ಮನೆ ದುರಸ್ತಿಗೆ ಬೇಕಾದ ತೊಲೆಗಳ ಲೆಕ್ಕ, ಒಣಗಿದ ಕೊಂಬೆಗಳ ಚಿತ್ರ ಇವು ಅರ್ಜಿಗೆ ಬಲ ಕೊಡುತ್ತವೆ. ನಿರಾಕರಣೆಯಾದರೆ ಆದೇಶದ ಪ್ರತಿ ಪಡೆದು, ಗಡುವಿನೊಳಗೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದೇಶ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಂಡರೆ ಗಡುವು ತಪ್ಪುವುದಿಲ್ಲ.

ಮಳೆಗಾಲದಲ್ಲಿ ಮರ ಮನೆಯ ಮೇಲೆ ಒರಗಿ ನಿಂತಾಗ ಕಾಗದ ಪತ್ರಕ್ಕೆ ಕಾಯಲು ಆಗುವುದಿಲ್ಲ. ಅಂಥ ವೇಳೆ ವಲಯ ಕಚೇರಿಗೂ ಗ್ರಾಮ ಪಂಚಾಯಿತಿಗೂ ತಕ್ಷಣ ತಿಳಿಸಿ, ಎಲ್ಲ ಬದಿಯಿಂದ ಫೋಟೊ ತೆಗೆದು, ಪಂಚರ ಎದುರು ಪಂಚನಾಮೆ ಮಾಡಿಸಿಕೊಳ್ಳುವುದು ಮುಂದಿನ ತೊಂದರೆ ತಪ್ಪಿಸುತ್ತದೆ. ಕಟ್ಟಿಗೆಯನ್ನು ಅಧಿಕಾರಿಗಳು ನೋಡುವವರೆಗೆ ಸ್ಥಳದಲ್ಲೇ ಇಡಬೇಕು.

ಶ್ರೀಗಂಧಕ್ಕೆ ಪ್ರತ್ಯೇಕ ನಿಯಮ

ಶ್ರೀಗಂಧಕ್ಕೆ ‘ಕರ್ನಾಟಕ ಅರಣ್ಯ ಕಾಯ್ದೆ, 1963’ರ ನಿಯಮಗಳು ಅನ್ವಯಿಸುತ್ತವೆ. ಹಿಂದೆ ಖಾಸಗಿ ಜಮೀನಿನಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯ ನಂತರ ಜಮೀನಿನ ಒಡೆಯನಿಗೇ ಅದರ ಹಕ್ಕು ಬಂದಿದೆ. ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಕಡಿಯುವಂತಿಲ್ಲ, ಮನಸ್ಸಿಗೆ ಬಂದವರಿಗೆ ಮಾರುವಂತೆಯೂ ಇಲ್ಲ. ಬಸದಿಯ ನಿತ್ಯಪೂಜೆಗೆ ಗಂಧ ತೇಯಲೆಂದು ಅಂಗಳದ ಮರದ ಕೊಂಬೆ ಕತ್ತರಿಸಿದರೂ ನಿಯಮ ಬದಲಾಗುವುದಿಲ್ಲ ಎಂಬುದನ್ನು ಸಮಿತಿಗಳು ಗಮನಿಸಬೇಕು.

ಸಾಗಾಟ ಮತ್ತು ರಾಜ್ಯದ ಗಡಿ

ಕಡಿಯುವ ಅನುಮತಿ ಸಿಕ್ಕ ಮೇಲೆ ಕಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊರಡುವ ಮೊದಲು ರಹದಾರಿ ಬೇಕೇ ಎಂದು ವಿಚಾರಿಸಬೇಕು. ಅರಣ್ಯೋತ್ಪನ್ನಗಳ ಸಾಗಾಟವನ್ನು ಅರಣ್ಯ ಕಾಯ್ದೆ ನಿಯಂತ್ರಿಸುತ್ತದೆ. ರಹದಾರಿ ಇಲ್ಲದ ಮಾಲು ಸಿಕ್ಕಿಬಿದ್ದರೆ ಕಟ್ಟಿಗೆಯ ಜೊತೆ ವಾಹನವೂ ಜಪ್ತಿಯಾಗುತ್ತದೆ. ಹಲವು ವೇಳೆ ಕಟ್ಟಿಗೆಯ ಬೆಲೆಗಿಂತ ಟ್ರ್ಯಾಕ್ಟರ್ ಬಿಡಿಸಿಕೊಳ್ಳುವ ಖರ್ಚೇ ಹೆಚ್ಚು. ಕಟ್ಟಿಗೆ ವ್ಯಾಪಾರಿ ‘ಎಲ್ಲ ಕಾಗದ ನಾನೇ ನೋಡಿಕೊಳ್ಳುತ್ತೇನೆ’ ಎಂದರೂ ಅರ್ಜಿ ಮತ್ತು ಆದೇಶ ಜಮೀನಿನ ಒಡೆಯನ ಹೆಸರಿನಲ್ಲಿರಬೇಕು, ಪ್ರತಿ ಅವನ ಬಳಿಯೇ ಇರಬೇಕು.

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗ ಭಾಗದ ಅನೇಕ ಜೈನ ಕುಟುಂಬಗಳಿಗೆ ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳಲ್ಲೂ ಬಂಧುಗಳು, ಹೊಲಗಳು ಇವೆ. ಗಡಿ ದಾಟಿದೊಡನೆ ಕಾನೂನೂ ಬದಲಾಗುತ್ತದೆ. ಮಹಾರಾಷ್ಟ್ರದಲ್ಲಿ 1964ರ ವೃಕ್ಷ ಕಡಿತ ನಿಯಂತ್ರಣ ಕಾಯ್ದೆ ಮತ್ತು ನಗರ ಪ್ರದೇಶಗಳಿಗಾಗಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿವೆ. ಕರ್ನಾಟಕದ ವಿನಾಯಿತಿ ಪಟ್ಟಿಯನ್ನು ಶಿರೋಳದ ಹೊಲದಲ್ಲಿ ತೋರಿಸಿ ಪ್ರಯೋಜನವಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಮಾಲು ಸಾಗಿಸುವವರಿಗಾಗಿ ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಆನ್‌ಲೈನ್ ರಾಷ್ಟ್ರೀಯ ರಹದಾರಿ ವ್ಯವಸ್ಥೆಯನ್ನು ಆರಂಭಿಸಿದೆ.

ಬಸದಿ ಮತ್ತು ಟ್ರಸ್ಟ್ ಆಸ್ತಿಯ ಮರಗಳು

ಬಸದಿಯ ಅಂಗಳದ ಮರ ಅಧ್ಯಕ್ಷರದೂ ಅಲ್ಲ, ಅರ್ಚಕರದೂ ಅಲ್ಲ. ಆಸ್ತಿ ಯಾವ ಟ್ರಸ್ಟಿನ ಅಥವಾ ಸಮಿತಿಯ ಹೆಸರಿನಲ್ಲಿದೆಯೋ ಅದರ ಸಭೆಯಲ್ಲಿ ವಿಷಯ ಚರ್ಚೆಯಾಗಿ, ಠರಾವು ಬರೆದು, ಅಧಿಕಾರ ಪಡೆದವರು ಅರ್ಜಿಗೆ ಸಹಿ ಮಾಡಬೇಕು. ಠರಾವಿನ ಪ್ರತಿ ಅರ್ಜಿಯ ಜೊತೆ ಹೋದರೆ ನಾಳೆ ಊರಿನಲ್ಲಿ ‘ಯಾರನ್ನು ಕೇಳಿ ಕಡಿಸಿದಿರಿ’ ಎಂಬ ಮಾತಿಗೆ ಉತ್ತರವಿರುತ್ತದೆ. ಕಟ್ಟಿಗೆ ಮಾರಿದ ಹಣ ಬಸದಿಯ ಲೆಕ್ಕಕ್ಕೆ ಜಮೆಯಾಗಬೇಕು.

ಬೆಳಗಾವಿ ಕೋಟೆಯ ಕಮಲ ಬಸದಿಯಂತೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಕಟ್ಟಡವಾದರೆ ಅರಣ್ಯ ಇಲಾಖೆಯ ಜೊತೆಗೆ ಪುರಾತತ್ವ ಇಲಾಖೆಯನ್ನೂ ಕೇಳಬೇಕು. ಹಳೆಯ ಗೋಡೆಯೊಳಗೆ ಇಳಿದ ಬೇರನ್ನು ಕಿತ್ತರೆ ಕಲ್ಲುಗಳೂ ಸಡಿಲವಾಗುತ್ತವೆ. ಅದನ್ನು ತಜ್ಞರ ಸಲಹೆಯಂತೆಯೇ ಮಾಡಬೇಕು.

ಹಳ್ಳಿಯ ಬಸದಿಗಳಲ್ಲಿ ಪದೇ ಪದೇ ಕಾಣುವ ಸಮಸ್ಯೆ ಎಂದರೆ ಶಿಖರದ ಬಿರುಕಿನಲ್ಲಿ ಹುಟ್ಟುವ ಅರಳಿ, ಆಲದ ಸಸಿ. ಹಕ್ಕಿಗಳು ತಿಂದು ಹಾಕಿದ ಬೀಜದಿಂದ ಅದು ಮೊಳೆಯುತ್ತದೆ. ಪವಿತ್ರ ಗಿಡವೆಂದು ಕೀಳಲು ಹಿಂಜರಿಯುತ್ತಾ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ಅದು ಕಾನೂನಿನ ಅಳತೆಯ ‘ಮರ’ವಾಗಿರುತ್ತದೆ, ಶಿಖರವೂ ಬಿರಿದಿರುತ್ತದೆ. ಗೇಣುದ್ದದ ಸಸಿ ಇರುವಾಗಲೇ ಬೇರು ಸಮೇತ ಮೆಲ್ಲನೆ ತೆಗೆದು ಊರ ಹೊರಗಿನ ಜಾಗದಲ್ಲಿ ನೆಟ್ಟರೆ ಅನುಮತಿಯ ಪ್ರಶ್ನೆ ಬರುವುದಿಲ್ಲ, ಗಿಡವೂ ಬದುಕುತ್ತದೆ, ಕಟ್ಟಡವೂ ಉಳಿಯುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಮ್ಮೆ ಶಿಖರ, ಮಾಳಿಗೆ ನೋಡುವ ಪದ್ಧತಿ ಇಟ್ಟುಕೊಂಡರೆ ಸಾಕು.

ರಸ್ತೆ, ಕಾಲುವೆ, ಶಾಲೆ: ಸಾರ್ವಜನಿಕ ಜಾಗದ ಮರಗಳು

ಸಾರ್ವಜನಿಕ ಜಾಗದ ಮರದ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಜಾಗ ಯಾವ ಇಲಾಖೆಯದು ಎಂಬುದನ್ನು. ಹೆದ್ದಾರಿ ಬದಿಯದು ಲೋಕೋಪಯೋಗಿ ಅಥವಾ ಹೆದ್ದಾರಿ ಇಲಾಖೆಯ ವ್ಯಾಪ್ತಿಗೆ, ಘಟಪ್ರಭಾ ಎಡದಂಡೆ ಕಾಲುವೆಯ ದಂಡೆಯದು ನೀರಾವರಿ ನಿಗಮಕ್ಕೆ, ಊರೊಳಗಿನ ದಾರಿಯದು ಗ್ರಾಮ ಪಂಚಾಯಿತಿಗೆ, ಶಾಲೆಯ ಆವರಣದ್ದು ಶಿಕ್ಷಣ ಇಲಾಖೆಗೆ ಸೇರುತ್ತದೆ. ಜಾಗದ ಒಡೆತನ ಇಲಾಖೆಯದೇ ಆದರೂ ಕಡಿಯುವ ಅನುಮತಿಯನ್ನು ಇಲಾಖೆಯೂ ವೃಕ್ಷಾಧಿಕಾರಿಯಿಂದಲೇ ಪಡೆಯಬೇಕು. ಪಂಚಾಯಿತಿ ಸದಸ್ಯರ ಬಾಯಿಮಾತಿನ ಒಪ್ಪಿಗೆಯಿಂದ ರಸ್ತೆ ಬದಿಯ ಮರ ಕಡಿಯಲು ಬರುವುದಿಲ್ಲ.

ರಸ್ತೆ ಬದಿ ಮರವನ್ನು ನೆಟ್ಟವರು ಯಾರೇ ಆಗಿರಲಿ, ನೆಟ್ಟ ಕೈಗೆ ಅದರ ಒಡೆತನ ಬರುವುದಿಲ್ಲ. ಇದಕ್ಕೆ ನಾಡೇ ಬಲ್ಲ ಉದಾಹರಣೆ ಸಾಲುಮರದ ತಿಮ್ಮಕ್ಕ. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಅವರ ಪತಿಯೂ ನೆಟ್ಟು ನೀರೆರೆದ ಆಲದ ಮರಗಳ ಸಂಖ್ಯೆ 385 ಎಂದು ಪ್ರಸಿದ್ಧವಾಗಿದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗೆ ಈ ಮರಗಳು ಬಲಿಯಾಗುವ ಭೀತಿ ಬಂದಾಗ, ಅದೇ ವರ್ಷ ಪದ್ಮಶ್ರೀ ಪಡೆದಿದ್ದ ತಿಮ್ಮಕ್ಕ ಕೂಡ ಮುಖ್ಯಮಂತ್ರಿಗಳ ಬಳಿ ಹೋಗಿ ಮನವಿ ಮಾಡಬೇಕಾಯಿತು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಪರ್ಯಾಯ ಮಾರ್ಗ ನೋಡುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಮನವಿಯನ್ನು ಮರ ಉರುಳುವ ಮೊದಲೇ ಕೊಟ್ಟದ್ದು ಇಲ್ಲಿ ಮುಖ್ಯ.

50 ಮರಗಳ ಮಿತಿ ಮತ್ತು ಜನರ ಆಕ್ಷೇಪಣೆ

ವೃಕ್ಷ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಸಾರ್ವಜನಿಕ ಉದ್ದೇಶಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಕರೆಯಬೇಕು. ಈ ಪ್ರಕಟಣೆಯ ಅವಧಿಯಲ್ಲೇ ಜನರಿಗೆ ಮಾತನಾಡುವ ಹಕ್ಕು ಇರುವುದು. ಹಳ್ಳಿಗಳಲ್ಲಿ ಪ್ರಕಟಣೆ ಬಂದದ್ದೇ ಅನೇಕರಿಗೆ ತಿಳಿಯುವುದಿಲ್ಲ. ಗರಗಸದ ಸದ್ದು ಕೇಳಿದ ಮೇಲೆ ಓಡಿ ಬರುತ್ತಾರೆ.

ಆಕ್ಷೇಪಣೆಯಿಂದ ಏನಾದೀತು ಎಂದು ಕೈಚೆಲ್ಲುವವರು ಬೆಂಗಳೂರಿನ ಉದಾಹರಣೆ ನೆನೆಯಬಹುದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳು ಹೋಗಲಿವೆ ಎಂಬ ಅಂಶ 2016ರಲ್ಲಿ ಹೊರಬಿತ್ತು. ಮರಗಳ ಪ್ರಶ್ನೆಯೂ ಸೇರಿದಂತೆ ವ್ಯಾಪಕ ವಿರೋಧ ಬಂದ ನಂತರ, 2017ರ ಮಾರ್ಚ್ ತಿಂಗಳಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ಇದಕ್ಕೆ ಎದುರಾದ ಉದಾಹರಣೆ ಮೈಸೂರಿನದು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ವಿಸ್ತರಣೆಗಾಗಿ 40 ಮರಗಳನ್ನು ಕಡಿಯಲಾಯಿತು. ನಗರದ ಜನ ಪ್ರತಿಭಟಿಸಿದರೂ ಅಷ್ಟರಲ್ಲಿ ಮರಗಳು ನೆಲಕ್ಕುರುಳಿದ್ದವು. ಆ ಸಂಖ್ಯೆ 50ಕ್ಕಿಂತ ಕಡಿಮೆ ಎಂಬುದನ್ನು ಗಮನಿಸಬೇಕು. ಮಿತಿಯೊಳಗಿನ ಕಾಮಗಾರಿಗಳಲ್ಲಿ ಜನರೇ ಮುಂಚಿತವಾಗಿ ವಿಚಾರಿಸಿಕೊಳ್ಳದಿದ್ದರೆ ಸುದ್ದಿ ತಿಳಿಯುವ ದಾರಿ ಇಲ್ಲ.

ಆದ್ದರಿಂದ ಊರಿನಲ್ಲಿ ರಸ್ತೆ ಕಾಮಗಾರಿಯ ಗುರುತು ಹಾಕುವುದು ಕಂಡೊಡನೆ ಗ್ರಾಮಸಭೆಯಲ್ಲಿ ಕೇಳಬೇಕು. ಎಷ್ಟು ಮರ, ಯಾವ ಆದೇಶ, ಬದಲಿ ಗಿಡ ಎಲ್ಲಿ ಎಂಬ ಮೂರು ವಿವರಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಪಡೆಯಬಹುದು. ಆಕ್ಷೇಪಣೆ ಬರೆಯುವಾಗ ‘ಮರ ಕಡಿಯಬೇಡಿ’ ಎಂದಷ್ಟೇ ಹೇಳದೆ, ಯಾವ ಮರ ಉಳಿಸಲು ರಸ್ತೆಯನ್ನು ಯಾವ ಬದಿಗೆ ಎಷ್ಟು ಅಡಿ ಸರಿಸಬಹುದು ಎಂದು ಸೂಚಿಸಿದರೆ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ವಿದ್ಯುತ್ ತಂತಿಯ ಕೆಳಗಿನ ಮರ

ಹೊಲದ ಮೇಲೆ ಹಾದು ಹೋಗುವ ತಂತಿಗೆ ಕೊಂಬೆ ತಾಗಿದರೆ ರೈತರು ತಾವೇ ಏಣಿ ಇಟ್ಟು ಕಡಿಯಲು ಹೋಗುವುದುಂಟು. ಇದು ಪ್ರಾಣಾಪಾಯದ ಕೆಲಸ. ಹೆಸ್ಕಾಂ ಶಾಖಾ ಕಚೇರಿಗೆ ತಿಳಿಸಿ, ವಿದ್ಯುತ್ ನಿಲ್ಲಿಸಿ, ಅವರ ಸಿಬ್ಬಂದಿಯಿಂದಲೇ ಸವರಿಸಬೇಕು. ತಂತಿಗೆ ಅಡ್ಡಿಯಾಗುವ ಮರವನ್ನು ತೆಗೆಸಲು 2003ರ ವಿದ್ಯುತ್ ಕಾಯ್ದೆಯ 68ನೇ ಕಲಮಿನಲ್ಲಿ ಅವಕಾಶವಿದೆ. ಅದೇ ಕಲಮಿನಲ್ಲಿ ರೈತರಿಗೆ ಉಪಯುಕ್ತವಾದ ಇನ್ನೊಂದು ಮಾತೂ ಇದೆ: ತಂತಿ ಎಳೆಯುವ ಮೊದಲೇ ಮರ ಅಲ್ಲಿದ್ದರೆ ಅದರ ಒಡೆಯನಿಗೆ ಸೂಕ್ತ ಪರಿಹಾರ ಸಿಗಬೇಕು. ಹೊಸ ಲೈನ್ ಬರುವಾಗ ಹೊಲದ ಮರಗಳ ಫೋಟೊವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳುವುದು ಈ ಕಾರಣಕ್ಕೆ ಒಳ್ಳೆಯದು.

ಶ್ರಾವಕಾಚಾರ ಏನು ಹೇಳುತ್ತದೆ

ಕಾನೂನಿನ ಅನುಮತಿ ಸಿಕ್ಕಿತೆಂದರೆ ಶ್ರಾವಕನ ಜವಾಬ್ದಾರಿ ಮುಗಿಯಿತೇ? ಜೈನ ದರ್ಶನದಲ್ಲಿ ಮರ ಏಕೇಂದ್ರಿಯ ಜೀವ, ವನಸ್ಪತಿಕಾಯ. ಒಕ್ಕಲುತನ ಮಾಡುವ ಗೃಹಸ್ಥನಿಂದ ಸ್ಥಾವರ ಜೀವಿಗಳ ಹಿಂಸೆ ಪೂರ್ತಿ ತಪ್ಪುವುದಿಲ್ಲ ಎಂಬುದನ್ನು ಆಚಾರ್ಯರು ಒಪ್ಪಿದ್ದಾರೆ. ಆದರೆ ಪ್ರಯೋಜನವಿಲ್ಲದೆ ಮಾಡುವ ಹಿಂಸೆಯನ್ನು ಅನರ್ಥದಂಡವೆಂದು ಕರೆದು, ಅದನ್ನು ಬಿಡುವುದನ್ನೇ ಒಂದು ವ್ರತವಾಗಿಸಿದ್ದಾರೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದರ ಪ್ರಕಾರಗಳನ್ನು ಹೇಳುವಾಗ ಪ್ರಮಾದಚರ್ಯೆಯ ಕೆಳಗೆ, ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದರ ಜೊತೆಗೆ ಗಿಡ ಕಡಿಯುವುದೂ ಬಂದಿದೆ.

ಆರು ಲೇಶ್ಯೆಗಳನ್ನು ವಿವರಿಸಲು ಹೇಳುವ ನೇರಳೆ ಮರದ ದೃಷ್ಟಾಂತವೂ ಪಾಠಶಾಲೆಯ ಮಕ್ಕಳಿಗೆ ಗೊತ್ತಿರುವುದೇ. ಹಸಿದ ಆರು ಮಂದಿಯಲ್ಲಿ ಒಬ್ಬ ಬೇರು ಸಹಿತ ಕೀಳಬೇಕೆನ್ನುತ್ತಾನೆ, ಇನ್ನೊಬ್ಬ ಕಾಂಡ, ಮತ್ತೊಬ್ಬ ದೊಡ್ಡ ಕೊಂಬೆ, ಮಗದೊಬ್ಬ ಸಣ್ಣ ಕೊಂಬೆ ಕಡಿಯಬೇಕೆನ್ನುತ್ತಾನೆ. ಐದನೆಯವನು ಹಣ್ಣು ಮಾತ್ರ ಕೀಳೋಣ ಎಂದರೆ, ಆರನೆಯವನು ಕೆಳಗೆ ಬಿದ್ದದ್ದನ್ನು ಆರಿಸಿಕೊಂಡರೆ ಸಾಕು ಎನ್ನುತ್ತಾನೆ. 1976ರ ಕಾಯ್ದೆಯಲ್ಲಿ ‘ಕಡಿಯುವುದು’ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ಇದರ ಪಕ್ಕ ಇಟ್ಟು ನೋಡಿದರೆ ಮೊದಲ ನಾಲ್ವರ ಕೆಲಸಗಳೂ ಅದರಲ್ಲಿ ಸಿಗುತ್ತವೆ. ಕೊನೆಯ ಇಬ್ಬರಿಗೆ ಯಾವ ಅರ್ಜಿಯೂ ಬೇಕಿಲ್ಲ.

ಪ್ರಾಯೋಗಿಕವಾಗಿ ಇದರ ಅರ್ಥ ಇಷ್ಟೇ: ಮರ ತೆಗೆಯುವ ಮುನ್ನ ಕೊಂಬೆ ಸವರಿದರೆ ಸಾಲದೇ, ಗೋಡೆಯನ್ನು ಎರಡು ಅಡಿ ಸರಿಸಿದರೆ ಆಗದೇ ಎಂದು ಕೇಳಿಕೊಳ್ಳಬೇಕು. ಕಡಿಯುವುದು ಅನಿವಾರ್ಯವಾದರೆ ಮರದಲ್ಲಿ ಗೂಡು, ಮೊಟ್ಟೆ, ಮರಿಗಳು ಇವೆಯೇ ಎಂದು ನೋಡಿ, ಇದ್ದರೆ ಮರಿಗಳು ಹಾರುವವರೆಗೆ ಕಾಯಬೇಕು. ಇದು ಬರೀ ದಯೆಯ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪಕ್ಷಿಗಳ ಮೊಟ್ಟೆ ನಾಶ ಮಾಡುವುದನ್ನೂ ಗೂಡು ಕೆಡಿಸುವುದನ್ನೂ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ.

ತಪ್ಪಿದರೆ

ಅನುಮತಿ ಇಲ್ಲದೆ ಕಡಿದರೆ ಪ್ರಕರಣ ದಾಖಲಾಗುತ್ತದೆ, ಕಟ್ಟಿಗೆ ಮತ್ತು ಸಲಕರಣೆಗಳ ಜಪ್ತಿಯಾಗುತ್ತದೆ. ಕಾಯ್ದೆಯಲ್ಲಿ ದಂಡ ಮತ್ತು ಸೆರೆವಾಸ ಎರಡಕ್ಕೂ ಅವಕಾಶವಿದೆ. ನ್ಯಾಯಾಲಯಗಳೂ ಈಚೆಗೆ ಬಿಗಿಯಾಗಿವೆ. ಉತ್ತರಪ್ರದೇಶದ ತಾಜ್ ಸಂರಕ್ಷಿತ ವಲಯದಲ್ಲಿ ಖಾಸಗಿ ಭೂಮಿಯೂ ಸೇರಿದಂತೆ 454 ಮರಗಳನ್ನು ಅನುಮತಿ ಇಲ್ಲದೆ ಕಡಿದ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಮರಕ್ಕೆ 1 ಲಕ್ಷ ರೂಪಾಯಿ ದಂಡವನ್ನು ಎತ್ತಿಹಿಡಿಯಿತು. ಆ ವಲಯಕ್ಕೆ ಸುಪ್ರೀಂ ಕೋರ್ಟಿನ ವಿಶೇಷ ಆದೇಶವಿದೆ, ರಾಯಬಾಗಕ್ಕೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ‘ಸ್ವಂತ ಜಾಗ’ ಎಂಬ ಮಾತು ಅಲ್ಲಿ ರಕ್ಷಣೆಗೆ ಬರಲಿಲ್ಲ ಎಂಬುದು ಎಲ್ಲರಿಗೂ ಪಾಠ.

ಬದಲಿ ಗಿಡ

ಕಡಿಯುವ ಅನುಮತಿಯ ಜೊತೆಗೆ ಬದಲಿ ಗಿಡ ನೆಡುವ ಹೊಣೆಯೂ ಬರುತ್ತದೆ. ಎಷ್ಟು, ಯಾವ ಜಾತಿ, ಎಲ್ಲಿ ಎಂಬುದನ್ನು ಆದೇಶದಲ್ಲಿ ಓದಿಕೊಳ್ಳಬೇಕು. ನೆಟ್ಟು ಫೋಟೊ ತೆಗೆದರೆ ಆಗುವುದಿಲ್ಲ, ಬೆಳೆಸುವುದೂ ಅದೇ ಹೊಣೆಯ ಭಾಗ.

ಹೊಲದಲ್ಲಿ ಹೊಸ ಗಿಡ ಬೆಳೆಸುವ ರೈತರಿಗೆ ಅರಣ್ಯ ಇಲಾಖೆಯ ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’ಯ ನೆರವಿದೆ. 2011–12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟವರಿಗೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಹೀಗೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿದೆ. ನೋಂದಣಿ ವಲಯ ಅರಣ್ಯ ಕಚೇರಿಯಲ್ಲೇ ನಡೆಯುತ್ತದೆ. ಮಳೆಗಾಲಕ್ಕೆ ಮುಂಚೆ ಹೆಸರು ಕೊಟ್ಟವರಿಗೆ ಬೇಕಾದ ಜಾತಿಯ ಸಸಿ ಸಿಗುವುದು ಸುಲಭ. ಇಂದು ಒಂದು ಮರಕ್ಕಾಗಿ ಅರ್ಜಿ ಹಿಡಿದು ರಾಯಬಾಗಕ್ಕೆ ಹೋಗುವವರು ಅದೇ ಕಚೇರಿಯಲ್ಲಿ ಹತ್ತು ಸಸಿಗಳಿಗೂ ಹೆಸರು ಬರೆಸಿ ಬರಬಹುದು.